ಆರ್‌ವಿಯೊಳಗಿನ ಮಡಿ

ಮೊನ್ನೆ ಗಿಡಗಳಿಗೆ ನೀರು ಹಾಕಲೆಂದು ಗರಾಜಿನ ಮೂಲೆಯಿಂದ ನೀರು ಹಾಯಿಸುವ ಬಿಳಿ ಹೋಸನ್ನು ಹೊರಗೆ ಎಳೆದೆ. ಬಿಸಿಲಿಗೆ ಬಿದ್ದ ಎರಡೇ ನಿಮಿಷಕ್ಕೆ ಅದರಿಂದ ಕಾದ ಪ್ಲಾಸ್ಟಿಕ್ಕಿನ ವಾಸನೆ ಎದ್ದಿತು. ಬೇರೆಯವರು ಮೂಗು ಮುಚ್ಚಿಕೊಂಡಾರು. ನನಗೆ ಮಾತ್ರ ಮೂರು ವರ್ಷದ ಹಿಂದಿನ ಬೇಸಿಗೆ ಇಡಿಯಾಗಿ ಎದುರು ಬಂದು ನಿಂತಿತು. ಕುಡಿಯುವ ನೀರಿಗೆಂದೇ ಮಾಡಿದ ಆ ಹೋಸನ್ನು ನಾವು ಕೊಂಡಿದ್ದು ಆರ್‌ವಿಗೆ. ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ ಬಾಡಿಗೆಯ ದೊಡ್ಡ ಗಾಡಿ ಅದು. ಆ ಜುಲೈನಲ್ಲಿ ನಾನು, ನಮ್ಮವರು, ಮಗಳು ಅನಘಾ ಅದರಲ್ಲಿ ಮಿಶಿಗನ್ ಸರೋವರದ ದಡದ ಸ್ಟೇಟ್ ಪಾರ್ಕಿಗೆ ಹೋಗಿದ್ದೆವು. ಹೇಳಿಕೊಳ್ಳುವಂಥ ದೂರವೇನಲ್ಲ, ನೋವೈನಲ್ಲಿರುವ ನಮ್ಮ ಮನೆಯಿಂದ ಮೂರು ಗಂಟೆಯ ದಾರಿ. ಆದರೆ ಬೇಡ ಅಂದವರು ಬಹಳ ಜನ. ಮೊದಲು ಬೇಡ ಅಂದವರು ನಮ್ಮವರೇ.

ಅದರ ಹಿಂದಿನ ವರ್ಷ ಇವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಬೇರೆ ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ, ಅಲ್ಲಿಯವರೆಗೆ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳಿ ಅಂದರು ಡಾಕ್ಟರು. ಹೊಟ್ಟೆಗೆ ಒಂದು ಸಣ್ಣ ನಳಿಕೆ ಇಟ್ಟಿರುತ್ತಾರೆ. ರಾತ್ರಿ ಮಲಗಿದಾಗ ಮಂಚದ ಪಕ್ಕದ ಯಂತ್ರ ಅದರ ಮೂಲಕ ಔಷಧದ ನೀರು ತುಂಬುತ್ತದೆ, ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತದೆ, ಮತ್ತೆ ತುಂಬುತ್ತದೆ. ಇವರು ಆಬರ್ನ್ ಹಿಲ್ಸ್‌ನಲ್ಲಿ ಕಾರುಗಳ ಬ್ರೇಕ್ ಪರೀಕ್ಷೆ ಮಾಡುವ ಎಂಜಿನಿಯರ್. ಹಿಮದಲ್ಲಿ, ಮಂಜುಗಡ್ಡೆಯ ಮೇಲೆ, ಎಲ್ಲೆಂದರಲ್ಲಿ ಗಾಡಿ ಓಡಿಸಿದ ಮನುಷ್ಯ. ಆ ಯಂತ್ರ ಬಂದ ಮೇಲೆ ಒಂದು ರಾತ್ರಿಯೂ ಮನೆ ಬಿಟ್ಟು ಹೊರಗೆ ಮಲಗಿರಲಿಲ್ಲ. ಕೆಲಸವೂ ಮನೆಯಿಂದಲೇ.

ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಶುರುವಾಗಿದ್ದು ಡಿಸೆಂಬರಿನ ಒಂದು ಮಧ್ಯಾಹ್ನ. ಬೇಸ್ಮೆಂಟಿನಲ್ಲಿ ಚಿಟ್ ಚಿಟ್ ಸದ್ದು ಕೇಳಿ ಇಳಿದು ಹೋದೆ. ಇವರು ಚೀಟಿ ಅಚ್ಚು ಹಾಕುವ ಪುಟ್ಟ ಯಂತ್ರ ಹಿಡಿದು ಕರೆಂಟಿನ ಡಬ್ಬಿಯ ಮುಂದೆ ನಿಂತಿದ್ದರು.

"ಏನ್ರೀ ಇದು?"

"ಯಾವ ಸ್ವಿಚ್ ಯಾವ ರೂಮಿಂದು ಅಂತ. ನಿಂಗೆ ಗೊತ್ತಿರ್ಲಿ."

"ನಂಗ್ಯಾಕೆ? ನೀವಿದೀರಲ್ಲ."

ಇವರು ಇನ್ನೊಂದು ಚೀಟಿ ಕತ್ತರಿಸಿ, ಮನೆ ಬೆಚ್ಚಗಿಡುವ ಫರ್ನೇಸಿಗೆ ಅಂಟಿಸಿದರು.

ಒಂದು ವಾರದಲ್ಲಿ ಮನೆಯ ತುಂಬ ಚೀಟಿ. ನೀರಿನ ಮುಖ್ಯ ವಾಲ್ವ್, ಕಾರಿನ ಎರಡನೇ ಕೀ, ಇನ್ಶೂರೆನ್ಸ್ ಫೈಲು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ನನಗೆ ಅರ್ಥವಾಯಿತು. ಮನೆಯನ್ನು ನನ್ನ ಕೈಗೆ ಒಪ್ಪಿಸಿ ಹೊರಡುವ ತಯಾರಿ ಅದು. ಡಾಕ್ಟರು ಹಾಗೇನೂ ಹೇಳಿರಲಿಲ್ಲ. ಐವತ್ತೆರಡು ವರ್ಷದ ಮನುಷ್ಯ ತಾನೇ ತೀರ್ಮಾನ ಮಾಡಿಕೊಂಡು ಕೂತಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಂಜೆ ದೀಪ ಹಚ್ಚಿ ದೇವರಿಗೂ ಹೇಳಿದೆ: ಕಿಡ್ನಿ ಕೊಡುವುದು ನಿನ್ನಿಷ್ಟ, ಆದರೆ ಇವರನ್ನು ಈ ಮನೆಯಿಂದ ಹೊರಗೆ ಎಳೆಯುವುದು ನನಗೆ ಬಿಡು. ಮುಂದಿನ ಬೇಸಿಗೆಯೊಳಗೆ ಇವರನ್ನು ಬೇರೆ ಊರಿನಲ್ಲಿ ಮಲಗಿಸಿ ಎಬ್ಬಿಸದೆ ಬಿಡುವುದಿಲ್ಲ ಅಂತ ಅಲ್ಲೇ ಹಟ ಹಿಡಿದೆ.

ಆರ್‌ವಿಯ ಯೋಚನೆ ಕೊಟ್ಟಿದ್ದು ಕ್ಲಿನಿಕ್ಕಿನ ನರ್ಸಮ್ಮ. ಕರೆಂಟು ಇರಬೇಕು, ಜಾಗ ಶುಚಿಯಾಗಿರಬೇಕು, ಬಾಗಿಲು ಹಾಕಿಕೊಳ್ಳುವಂತಿರಬೇಕು, ಎಷ್ಟೋ ಜನ ಹಾಗೆ ಹೋಗುತ್ತಾರೆ ಅಂದರು. ಶುಚಿಯ ವಿಷಯದಲ್ಲಿ ಅವರಿಗೆ ನನ್ನ ಮೇಲೆ ನಂಬಿಕೆಯಿತ್ತು. ನಳಿಕೆ ಜೋಡಿಸುವುದನ್ನು ಕಲಿಸುವ ದಿನ ಕೈ ತೊಳೆದ ಮೇಲೆ ಏನನ್ನೂ ಮುಟ್ಟಬಾರದು, ಯಾರೂ ಒಳಗೆ ಬರಬಾರದು, ಫ್ಯಾನ್ ಹಾಕಬಾರದು ಅಂತ ಮೂರು ಮೂರು ಸಲ ಹೇಳಿದ್ದರು. ಕಲಿಯಲು ಬಂದ ಉಳಿದವರು ಮರೆತು ಮೂಗು ಮುಟ್ಟುತ್ತಿದ್ದರು, ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ನಾನು ಒಂದು ಸಲವೂ ತಪ್ಪಲಿಲ್ಲ. ಇದರಲ್ಲಿ ಹೊಸದೇನು? ಇದು ಮಡಿ. ಮದುವೆಯಾದ ಹೊಸತರಲ್ಲಿ ಮೈಸೂರಿನ ಅಡುಗೆಮನೆಯಲ್ಲಿ ನಮ್ಮವರ ಅಕ್ಕ ಗಿರಿಜಕ್ಕ ನನಗೆ ಕಲಿಸಿದ್ದು ಇದನ್ನೇ. ಸೆರಗು ಬಾಗಿಲಿಗೆ ತಾಕಿತು ಅಂತ ಒದ್ದೆ ಸೀರೆಯಲ್ಲೇ ನನ್ನನ್ನು ಹೊರಗೆ ನಿಲ್ಲಿಸುತ್ತಿದ್ದರು. ಆಗ ಬೈದುಕೊಂಡಿದ್ದೆ. ಈಗ ಕೇಶವ ನಾಮದಿಂದ ಶುರುಮಾಡಿ ಇಪ್ಪತ್ತನಾಲ್ಕು ನಾಮ ಮುಗಿಯುವವರೆಗೆ ಕೈ ಉಜ್ಜುತ್ತೇನೆ, ಗಡಿಯಾರವೇ ಬೇಡ.

ಇವರು ಒಪ್ಪಲಿಲ್ಲ. "ನೀವಿಬ್ರೂ ಹೋಗ್ಬನ್ನಿ. ನನ್ನನ್ನ ಬಿಡು" ಅಂದರು. ನಾನು ಬಿಡಲಿಲ್ಲ, ವಾದವನ್ನೂ ಮಾಡಲಿಲ್ಲ. ಜಾಗ ಕಾದಿರಿಸಲು ಹೊರಟೆ.

ಅಲ್ಲೇ ಎಡವಿದ್ದು. ಆ ಪಾರ್ಕಿನಲ್ಲಿ ಕ್ಯಾಂಪ್ ಹಾಕುವ ಜಾಗಗಳು ಆರು ತಿಂಗಳು ಮೊದಲೇ, ಬೆಳಿಗ್ಗೆ ಎಂಟಕ್ಕೆ ತೆರೆಯುತ್ತವೆ. ನೀರಿನ ಅಂಚಿನ ಜಾಗಗಳಂತೂ ನಿಮಿಷದಲ್ಲಿ ಖಾಲಿ. ನಮ್ಮ ಜುಲೈನ ಜಾಗಕ್ಕೆ ಜನವರಿಯ ಒಂದು ಸೋಮವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಇರಬೇಕಿತ್ತು. ಇದ್ದೆ. ಆದರೆ ಅಡುಗೆಮನೆಯ ಗೋಡೆಯ ಮೇಲಿನ ಬೆಂಗಳೂರಿನ ಕ್ಯಾಲೆಂಡರಿನಲ್ಲಿ ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಇವರ ಜೀವದ ವಿಷಯ, ಆ ಹೊತ್ತಿನಲ್ಲಿ ಕೈ ಹಾಕಲು ನನಗೆ ಮನಸ್ಸಾಗಲಿಲ್ಲ. ಒಂಬತ್ತು ದಾಟಲಿ ಅಂತ ಕಾದು, ಇನ್ನೂ ಹತ್ತು ನಿಮಿಷ ಇರಲಿ ಅಂತ ಸೇರಿಸಿ, ಗಣಪತಿಗೆ ಕೈಮುಗಿದು ಒತ್ತಿದೆ. ಒಂದೂ ಜಾಗ ಉಳಿದಿರಲಿಲ್ಲ.

ಅನಘಾ ಆಗ ಹನ್ನೆರಡನೇ ಗ್ರೇಡಿನಲ್ಲಿದ್ದಳು. ಶಾಲೆಯಿಂದ ಬಂದವಳು ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡಳು. "ಅಮ್ಮಾ, ಯೂ ವೇಟೆಡ್ ಫಾರ್ ವಾಟ್?"

ಶುಕ್ರವಾರ ದೇವಸ್ಥಾನಕ್ಕೆ ಹೋದಾಗ ಅರ್ಚಕರ ಹತ್ತಿರ ಹೇಳಿಕೊಂಡೆ, ಇವರೂ ಜೊತೆಯಲ್ಲಿದ್ದರು. ಅರ್ಚಕರು ಪೂರ್ತಿ ಕೇಳಿ ಮೆಲ್ಲಗೆ ಕೇಳಿದರು, "ಯಾವ ಕ್ಯಾಲೆಂಡರ್ ನೋಡಿದ್ರಿ ತಾಯಿ?"

"ಬೆಂಗಳೂರಿಂದು."

"ಅಲ್ಲಿ ಸೂರ್ಯ ಆರೂವರೆ ಏಳಕ್ಕೆ ಹುಟ್ತಾನೆ. ಇಲ್ಲಿ ಜನವರೀಲಿ ಎಂಟಕ್ಕೆ. ರಾಹುಕಾಲ ಆಯಾ ಊರಿನ ಸೂರ್ಯೋದಯದಿಂದ ಲೆಕ್ಕ. ಅವತ್ತು ಇಲ್ಲಿ ಶುರುವಾಗಿದ್ದೇ ಒಂಬತ್ತೂ ಹತ್ತಕ್ಕೆ." ಆಮೇಲೆ ಸೇರಿಸಿದರು, "ಒಳ್ಳೆ ಹೊತ್ತೆಲ್ಲ ಕಾದು ಕಳೆದು, ಸರಿಯಾಗಿ ರಾಹುಕಾಲ ಹುಟ್ಟೋ ನಿಮಿಷಕ್ಕೆ ಕೂತಿದೀರಿ."

ನನ್ನ ಮುಖಕ್ಕೆ ಬೆಂಕಿ ಇಟ್ಟ ಹಾಗಾಯಿತು. ಆದರೆ ಪಕ್ಕದಲ್ಲಿ ಇವರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಕುಣಿಸಿ, ಕಣ್ಣಲ್ಲಿ ನೀರು ಬರುವ ಹಾಗೆ. ಪಾರ್ಕಿಂಗ್ ಲಾಟಿನವರೆಗೂ ನಗುತ್ತಲೇ ಬಂದರು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತೋ. ಜಾಗ ಹೋಯಿತು, ನಗು ಸಿಕ್ಕಿತು. ನಾನು ಅದನ್ನು ಲಾಭದ ಕಡೆಗೇ ಬರೆದುಕೊಂಡೆ.

ಅವತ್ತಿನಿಂದ ದಿನಾ ಬೆಳಿಗ್ಗೆ ದೀಪ ಹಚ್ಚಿ, ಯಾರಾದರೂ ಜಾಗ ಬಿಟ್ಟುಕೊಟ್ಟಿದ್ದಾರಾ ಅಂತ ನೋಡುವುದು ನನ್ನ ನೇಮವಾಯಿತು. ಹಿಮ ಬಿತ್ತು, ಕರಗಿತು, ಮತ್ತೆ ಬಿತ್ತು. ದೇವಸ್ಥಾನದ ಅಡುಗೆಮನೆಯಲ್ಲಿ ಗೆಳತಿ ಶೈಲಾ ಬೀನ್ಸ್ ಹೆಚ್ಚುತ್ತಾ ಕಾಲೆಳೆಯುತ್ತಿದ್ದಳು: "ಏನೇ, ರಾಹು ಇನ್ನೂ ಎದ್ದು ಹೋಗ್ಲಿಲ್ವಾ?" ಮೇ ತಿಂಗಳಲ್ಲಿ ಒಂದು ಜಾಗ ಸಿಕ್ಕಿತು, ಮೂರು ರಾತ್ರಿಗೆ. ನೀರಿನಿಂದ ನಾಲ್ಕನೇ ಸಾಲು, ಕಸದ ತೊಟ್ಟಿಗಳ ಪಕ್ಕ. ಸರೋವರ ಕಾಣಿಸುವುದಿಲ್ಲ. ಕರೆಂಟು ಇತ್ತು. ಅವತ್ತು ರಾಹುಕಾಲ ನೋಡಲು ಹೋಗಲಿಲ್ಲ, ಒತ್ತಿಬಿಟ್ಟೆ. ಈ ಸಲ ಇವರು "ನಿನ್ನಿಷ್ಟ" ಅಂದರು.

ಸುದ್ದಿ ತಿಳಿದು ಗಿರಿಜಕ್ಕ ಫೋನ್ ಮಾಡಿದರು. ಅವರು ಈಗ ಷಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮಗನ ಮನೆಯ ಹತ್ತಿರವೇ ಇದ್ದಾರೆ, ಎಪ್ಪತ್ತರ ಹತ್ತಿರವಾದರೂ ಕಾರು ತಾವೇ ಓಡಿಸುತ್ತಾರೆ.

"ನಿಂಗೆ ಬುದ್ಧಿ ಇದೆಯೇನಮ್ಮ? ಕಾಡು, ಸೊಳ್ಳೆ, ನೂರು ಜನ ಬಳಸಿದ ಗಾಡಿ. ಹೊಟ್ಟೆಗೆ ಇನ್ಫೆಕ್ಷನ್ ಆದ್ರೆ?"

ಅವರ ಮಾತು ಸುಳ್ಳಲ್ಲ. ಹೊಟ್ಟೆಯೊಳಗೆ ಸೋಂಕಾದರೆ ಆಸ್ಪತ್ರೆ ಸೇರಬೇಕು. ಮನೆಯ ಡಯಾಲಿಸಿಸ್ಸೇ ನಿಂತುಹೋಗಬಹುದು, ಆ ಹೊತ್ತಿನಲ್ಲಿ ಕಿಡ್ನಿ ಬಂದರೂ ಹಾಕುವುದಿಲ್ಲ. ಅದೆಲ್ಲ ನನಗೆ ಗಿರಿಜಕ್ಕನಿಗಿಂತ ಚೆನ್ನಾಗಿ ಗೊತ್ತಿತ್ತು.

"ಮನೇಲಿದ್ರೂ ಆಗ್ಬಹುದು ಅಕ್ಕ."

"ಆದ್ರೆ ಯಾರು ಹೊಣೆ?"

"ನಾನೇ" ಅಂದೆ. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

ಗಾಡಿ ಓಡಿಸಬೇಕಾದವಳೂ ನಾನೇ. ಇವರಿಗೆ ಆಯಾಸ, ಕಾಯಿಲೆಯವರು ಓಡಿಸಬಾರದು ಅಂತ ಬಾಡಿಗೆ ಕೊಟ್ಟವನ ಷರತ್ತೂ ಇತ್ತು. ನಾನೋ ದೇವಸ್ಥಾನ, ಇಂಡಿಯನ್ ಅಂಗಡಿ, ಮಗಳ ಶಾಲೆ ಬಿಟ್ಟು ಹೆಚ್ಚು ಓಡಿಸಿದವಳಲ್ಲ. ಫ್ರೀವೇಗೆ ಹತ್ತುವಾಗ ಇವತ್ತಿಗೂ ಬಾಯಲ್ಲಿ ರಾಮನಾಮ. ಹೊರಡುವ ಹಿಂದಿನ ದಿನ ಗಾಡಿ ಮನೆಗೆ ಬಂತು, ಇಪ್ಪತ್ತೈದು ಅಡಿ ಉದ್ದ. ವಾರದ ನಡುವೆ ದೇವಸ್ಥಾನದ ಪಾರ್ಕಿಂಗ್ ಲಾಟ್ ಖಾಲಿ ಇರುತ್ತದೆ ಅಂತ ಅಲ್ಲಿಗೆ ತೆಗೆದುಕೊಂಡು ಹೋದೆವು. ಇವರು ಎಣ್ಣೆಯ ಖಾಲಿ ಡಬ್ಬಗಳನ್ನು ಸಾಲಾಗಿ ಇಟ್ಟು, ಅವುಗಳ ನಡುವೆ ಹಿಂದಕ್ಕೆ ಬಾ ಅಂದರು. ಮೊದಲ ಸಲ ಎರಡು ಡಬ್ಬ ಉರುಳಿದವು.

"ಕನ್ನಡಿ ನೋಡು, ಕನ್ನಡಿ. ಮುಂದಕ್ಕೆ ತೆಗೆಯೋವಾಗ ನೀನು ಬಲಕ್ಕೆ ತಿರುಗಿಸಿದ್ರೆ ಇದರ ಬಾಲ ಎಡಕ್ಕೆ ಬೀಸತ್ತೆ. ಹಿಂದಿನ ಚಕ್ರದಿಂದ ಆಚೆ ಎಷ್ಟು ಉದ್ದ ಇದೆ ನೋಡಿದ್ಯಾ?"

"ನೋಡ್ತಾನೇ ಇದೀನಲ್ಲ."

"ಎಲ್ಲಿ ನೋಡ್ತಿದೀಯ, ಕಣ್ಣು ಮುಚ್ಕೊಂಡಿದೀಯ."

ನಿಜವೇ, ಮುಚ್ಚಿಕೊಂಡಿದ್ದೆ. ಬಿಸಿಲಿನಲ್ಲಿ ಟೋಪಿ ಹಾಕಿಕೊಂಡು ಇವರು ಕೈಬೀಸಿ ಕೂಗುತ್ತಿದ್ದರೆ ನಾನು ಬೈಸಿಕೊಳ್ಳುತ್ತಾ ಒಳಗೊಳಗೇ ಹಿಗ್ಗುತ್ತಿದ್ದೆ. ಎರಡು ಗಂಟೆ ಹೊತ್ತು ಇವರು ರೋಗಿಯಾಗಿರಲಿಲ್ಲ. ಕೊನೆಗೆ ಡಬ್ಬ ಒಂದೂ ಉರುಳದೆ ಹಿಂದಕ್ಕೆ ಬಂದೆ. "ಪರವಾಗಿಲ್ಲ" ಅಂದರು. ಇವರ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು.

ಮನೆಗೆ ಬಂದು ಗಾಡಿಯೊಳಗನ್ನು ಬ್ಲೀಚ್ ನೀರಿನಿಂದ ಮೂರು ಸಲ ಒರೆಸಿದೆ. ಮೂಲೆಯಲ್ಲಿ ಅಂಗೈಯಗಲದ ಲಕ್ಷ್ಮಿಯ ಪಟ ಅಂಟಿಸಿದೆ. ಔಷಧದ ನೀರಿನ ಪೆಟ್ಟಿಗೆಗಳನ್ನು ಅನಘಾ ಒಂದೊಂದಾಗಿ ಏರಿಸಿದಳು. ಯಂತ್ರದ ಪೆಟ್ಟಿಗೆಗಳ ಜೊತೆ ಕೈಯಿಂದಲೇ ತುಂಬಿಸುವ ಚೀಲಗಳನ್ನೂ ಇಡಿಸಿದೆ. ಕರೆಂಟಿಲ್ಲದಿದ್ದರೆ ಚೀಲವನ್ನು ಮೇಲೆ ನೇತುಹಾಕಿ ನೀರು ತಾನಾಗಿಯೇ ಇಳಿಯುವ ಹಾಗೆ ಮಾಡುವ ಹಳೆಯ ಕ್ರಮ ಅದು. "ಅಮ್ಮಾ, ವಿ ಹ್ಯಾವ್ ಪವರ್ ದೇರ್" ಅಂದಳು. ಇರಲಿ, ಇಡು ಅಂದೆ.

ಫ್ರೀವೇಯಲ್ಲಿ ಗಂಟೆಗೆ ಐವತ್ತೈದು ಮೈಲಿಗಿಂತ ಮೇಲೆ ಹೋಗಲಿಲ್ಲ. ಟ್ರಕ್ಕುಗಳೆಲ್ಲ ಹಾರ್ನ್ ಹೊಡೆದು ದಾಟಿಹೋದವು, ಹೋಗಲಿ. ಮೊದಲ ರಾತ್ರಿ ಯಂತ್ರ ಮನೆಯಲ್ಲಿ ಮಾಡಿದಂತೆಯೇ ಕೆಲಸ ಮಾಡಿತು. ಬೆಳಿಗ್ಗೆ ಇವರು ಬಾಗಿಲಿನ ಮೆಟ್ಟಿಲ ಮೇಲೆ ಕೂತು ಉಪ್ಪಿಟ್ಟು ತಿಂದರು, ಇನ್ನೊಂದು ಸ್ವಲ್ಪ ಹಾಕು ಅಂದರು. ನೀರಿನ ಕಡೆಗೆ ಮಾತ್ರ, ಆಯಾಸ, ಸಂಜೆ ನೋಡೋಣ ಅಂದರು.

ಎರಡನೆಯ ದಿನ ಸಂಜೆ ಐದಕ್ಕೆ ಸರೋವರದ ಕಡೆಯಿಂದ ಮೋಡ ಕಪ್ಪಾಗಿ ಎದ್ದು ಬಂತು. ಗಾಳಿ ಬೀಸಿ, ಆಲಿಕಲ್ಲು ಗಾಡಿಯ ತಲೆಯ ಮೇಲೆ ಬಡಿದು, ಎಲ್ಲೋ ಮರ ಮುರಿದ ಸದ್ದು ಬಂತು. ಇಡೀ ಕ್ಯಾಂಪಿನ ಕರೆಂಟು ಹೋಯಿತು. ಮಳೆ ನಿಂತ ಮೇಲೆ ರೇಂಜರ್ ಒಬ್ಬ ಗಾಡಿಯಿಂದ ಗಾಡಿಗೆ ಹೇಳುತ್ತಾ ಬಂದ: ತಂತಿಯ ಮೇಲೆ ಮರ ಬಿದ್ದಿದೆ, ಇವತ್ತು ಬರುವ ಖಾತರಿಯಿಲ್ಲ. ಗಾಡಿಯಲ್ಲಿದ್ದ ಜನರೇಟರಿನ ಗುಂಡಿ ಒತ್ತಿದೆ. ಗೊರಗೊರ ಅಂದು ಸುಮ್ಮನಾಯಿತು. ಇವರು ಎರಡು ಸಲ ಬಗ್ಗಿ ನೋಡಿ ಬಂದು ಮಂಚದ ಅಂಚಿಗೆ ಕೂತರು.

"ಹೊರಡೋಣ" ಅಂದರು. "ಹೇಳಿದ್ನಲ್ಲ, ಇದೆಲ್ಲ ನನ್ನಂಥವನಿಗಲ್ಲ."

ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಈಗ ಮನೆಗೆ ಹೋದರೆ ಇವರು ಮತ್ತೆಂದೂ ಹೊಸಿಲು ದಾಟುವುದಿಲ್ಲ ಅಂತ ನನಗೆ ಗೊತ್ತಿತ್ತು.

"ಕೂತ್ಕೊಳ್ರಿ. ಇನ್ನೂ ಬೇಕಾದಷ್ಟು ಬೆಳಕಿದೆ."

ಚೀಲವೊಂದನ್ನು ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬೆಚ್ಚಗೆ ಮಾಡಿದೆ. ಕಿಟಕಿಗಳನ್ನು ಮುಚ್ಚಿದೆ. ಅನಘಾಳನ್ನು ಹೊರಗೆ ಕಳಿಸಿ ಬಾಗಿಲಲ್ಲಿ ಯಾರನ್ನೂ ಬಿಡಬೇಡ ಅಂದೆ. ಮಾಸ್ಕ್ ಕಟ್ಟಿಕೊಂಡು ಕೇಶವಾ ನಾರಾಯಣಾ ಅನ್ನುತ್ತಾ ಕೈ ಉಜ್ಜಿದೆ. ಇವರ ಬಾಯಿಂದಲೂ ಅನ್ನಿಸಿ ಕೈ ಉಜ್ಜಿಸಿದೆ. ಮೇಲಿನ ಕಪಾಟಿನ ಕೊಕ್ಕೆಗೆ ಚೀಲ ನೇತುಹಾಕಿ ನಳಿಕೆ ಜೋಡಿಸಿದೆ. ಹಳೆಯ ನೀರು ಇಳಿಯಲು ಅರ್ಧ ಗಂಟೆ, ಹೊಸದು ತುಂಬಲು ಕಾಲು ಗಂಟೆ. ಗಾಡಿಯೊಳಗೆ ಬೆವರು ಕಿತ್ತು ಬರುತ್ತಿತ್ತು. ಮುಗಿದಾಗಲೂ ಹೊರಗೆ ಬೆಳಕಿತ್ತು. ಹೊರಗಿದ್ದ ಮಗಳು ಮಾತ್ರ ಅಷ್ಟರಲ್ಲಿ ಹೆದರಿ ಸೋದರತ್ತೆ ಗಿರಿಜಕ್ಕನಿಗೆ ಮೆಸೇಜ್ ಮಾಡಿಬಿಟ್ಟಿದ್ದಳು. ಅವಳನ್ನು ಬೈಯಲಿಲ್ಲ, ಅಪ್ಪನ ಮೇಲಿನ ಪ್ರಾಣ.

ಮರುದಿನ ಬೆಳಿಗ್ಗೆಯೂ ಕರೆಂಟಿಲ್ಲ. ಇನ್ನೊಂದು ಚೀಲ ಜೋಡಿಸಿ ಹಳೆಯ ನೀರು ಇಳಿಯುತ್ತಿದ್ದಾಗ ಹೊರಗೆ ಕಾರು ನಿಂತ ಸದ್ದು.

"ರಘೂ" ಅಂತ ತಮ್ಮನನ್ನು ಕರೆಯುವ ಗಿರಿಜಕ್ಕನ ದನಿ. ಕತ್ತಲಿರುವಾಗಲೇ ಹೊರಟು ಸರೋವರ ಸುತ್ತಿ ಬಂದಿದ್ದರು. ಬಾಗಿಲು ಅಲುಗಾಡಿತು.

"ಅಕ್ಕ, ಒಳಗೆ ಬರ್ಬೇಡಿ. ಮಡೀಲಿದೀನಿ."

"ನಾನು ಕಣೇ, ಗಿರಿಜ."

"ಗೊತ್ತಾಯ್ತು. ಅರ್ಧ ಗಂಟೆ ಆಗತ್ತೆ. ಅಲ್ಲೇ ಕುರ್ಚಿ ಇದೆ, ಕೂತ್ಕೊಳ್ಳಿ."

"ತುಂತುರು ಬೀಳ್ತಿದೆ."

"ಅನಘಾ, ಅತ್ತೆಗೆ ಕೊಡೆ ಕೊಡಮ್ಮ."

ಮಾಸ್ಕಿನ ಮೇಲೆ ಇವರ ಕಣ್ಣು ಅಗಲವಾಗಿದ್ದವು. ಆಮೇಲೆ ಹೊಟ್ಟೆ ಅಲುಗಾಡತೊಡಗಿತು. "ನಗ್ಬೇಡಿ, ನಳಿಕೆ ಕುಣಿಯತ್ತೆ" ಅಂದೆ. ಅದಕ್ಕೆ ಇನ್ನೂ ನಕ್ಕರು.

ಹೊರಬಂದ ನೀರು ಮಬ್ಬಾಗಿದ್ದರೆ ಸೋಂಕು ಅಂತ ಲೆಕ್ಕ. ಅಕ್ಷರದ ಮೇಲೆ ಚೀಲ ಹಿಡಿದು ನೋಡಬೇಕು. ಸ್ತೋತ್ರದ ಪುಸ್ತಕದ ಮೇಲೆ ಅದನ್ನು ಹಿಡಿಯಲಾದೀತೇ? ಪಾರ್ಕಿನವರು ಕೊಟ್ಟ ನಿಯಮಗಳ ಹಾಳೆಯ ಮೇಲೆ ಹಿಡಿದೆ. ನಾಯಿಗಳನ್ನು ಕಟ್ಟಿರಬೇಕು ಅನ್ನುವ ಸಾಲು ಒಂದಕ್ಷರ ಬಿಡದೆ ಓದಲು ಬಂತು. ನನ್ನ ಪಾಲಿಗೆ ಅದೇ ಮಂತ್ರಾಕ್ಷತೆ.

ಬಾಗಿಲು ತೆಗೆದಾಗ ಗಿರಿಜಕ್ಕ ಕೊಡೆ ಹಿಡಿದು ನೆಟ್ಟಗೆ ಕೂತಿದ್ದರು. ನನ್ನ ಕಡೆ ನೋಡಲಿಲ್ಲ.

"ರಘು, ನಡಿ. ನಮ್ಮನೇಲಿ ಕರೆಂಟಿದೆ, ಹತ್ರದಲ್ಲೇ ಆಸ್ಪತ್ರೆ ಇದೆ. ಇವಳ ಹಟಕ್ಕೆ ನೀನು ಬಲಿಯಾಗ್ಬೇಡ."

ಇಲ್ಲಿ ಮಾತಾಡಬೇಕಾದವಳು ನಾನಲ್ಲ, ಇವರು. ಇವರು ಮೆಟ್ಟಿಲಿನ ಮೇಲೆ ನಿಂತು ಬಹಳ ಹೊತ್ತು ಅಕ್ಕನ ಕಾರನ್ನೇ ನೋಡಿದರು. ಹೋಗಿಬಿಡುತ್ತಾರೆ ಅಂದುಕೊಂಡೆ.

"ಇನ್ನೊಂದು ರಾತ್ರಿ ಇದೆಯಲ್ಲ ಅಕ್ಕ" ಅಂದರು. "ಇನ್ನೂ ನೀರು ನೋಡೇ ಇಲ್ಲ ನಾವು."

"ನೀರು ನೋಡೋಕೆ ಪ್ರಾಣ ಕೊಡ್ತೀಯಾ?"

"ಪ್ರಾಣ ಇರೋದ್ರಿಂದ್ಲೇ ನೋಡೋಣ ಅಂತಿದೀನಿ. ಬಾ, ನೀನೂ ಬಾ."

ಮೂರು ಸಾಲು ಗಾಡಿಗಳನ್ನು ದಾಟಿ, ಮುರಿದ ಕೊಂಬೆಗಳನ್ನು ಬಳಸಿ ಹೋದರೆ ಮರಳು ದಿಬ್ಬ. ಅದರಾಚೆ ಸರೋವರ. ಮೋಡ ಹರಿದು ಬಿಸಿಲು ಬಿದ್ದಿತ್ತು. ಆಚೆ ದಡ ಕಾಣದ ನೀರು. ಗಿರಿಜಕ್ಕ ಚಪ್ಪಲಿ ಬಿಡದೆ ಮರಳಿನ ಮೇಲೆಯೇ ನಿಂತರು. ಇವರು ಪ್ಯಾಂಟು ಮಡಚಿಕೊಂಡು ಇಳಿದರು.

ಸರೋವರದ ನೀರು ಹೊಟ್ಟೆಯ ನಳಿಕೆಗೆ ತಾಕಬಾರದು ಅಂತ ನರ್ಸಮ್ಮ ಹೇಳಿದ್ದರು. ಅದಕ್ಕೆ ನಾನು ಮಂಡಿಗೇ ಗೆರೆ ಹಾಕಿದ್ದೆ. "ಮಂಡಿ ದಾಟ್ಬೇಡಿ" ಅಂತ ಕೂಗಿ ಹೇಳಿದೆ. ನೀರು ಮಂಡಿಗೆ ಬಂತು, ನಿಂತರು. ತಿರುಗಿ ನನ್ನನ್ನು ನೋಡಿದರು. ನೋಡುತ್ತಲೇ ಇನ್ನೊಂದು ಹೆಜ್ಜೆ ಮುಂದಿಟ್ಟರು. ಅಲೆ ತೊಡೆಗೆ ಬಡಿದು ಮಡಚಿದ ಪ್ಯಾಂಟು ನೆನೆಯಿತು.

"ನೋಡು, ಹೋಗ್ತಿದಾನೆ" ಅಂದರು ಗಿರಿಜಕ್ಕ. "ಕೂಗೇ."

ಹೊಟ್ಟೆಗೂ ನೀರಿಗೂ ಇನ್ನೂ ಒಂದು ಗೇಣು ಅಂತರವಿತ್ತು. ಈ ಹಟ ನನ್ನದಲ್ಲ, ಇವರದೇ. ನಾನು ಕೂಗಲಿಲ್ಲ. ಗಿರಿಜಕ್ಕನ ಕಡೆ ತಿರುಗಿ, ಅಷ್ಟು ದೂರದಿಂದ ಬಂದಿದೀರಿ, ಗಾಡಿಗೆ ಹೋಗಿ ಕಾಫಿ ಮಾಡ್ತೀನಿ, ಸಕ್ಕರೆ ಹಾಕ್ಲೋ ಬೇಡ್ವೋ ಅಂತ ಕೇಳಿದೆ.